ಹನ್ನೊಂದು ಅಡಿಯ ಗಾಲ್ಫ್ ಮೈದಾನ

ಮಾಂತೂಗೆ ಗಾಲ್ಫ್ ಬರುತ್ತಿರಲಿಲ್ಲ. ಮನೆಯಲ್ಲೇ ಪರದೆ ಹಾಕಿ ಗಾಲ್ಫ್ ಆಡುತ್ತೇನೆಂದು ಕೊಚ್ಚಿಕೊಳ್ಳುವುದು ಮಾತ್ರ ಬರುತ್ತಿತ್ತು. ಆಫೀಸಿನಲ್ಲಿ ಚಹಾ ಕುಡಿಯುವಾಗ ಆಡಿದ ಆ ಮಾತು ಗಾಲ್ಫ್ ಹುಚ್ಚಿನ ಮ್ಯಾನೇಜರ್ ಶ್ರೀನಾಥರ ಕಿವಿಗೆ ಬಿತ್ತು. ಭಾನುವಾರ ಮೂರಕ್ಕೆ ಆಡಲು ಬರುತ್ತೇನೆ ಎಂದುಬಿಟ್ಟರು.

ಬಾರಾಮತಿ ಶಾಖೆಗೆ ಮುಖ್ಯಸ್ಥರನ್ನು ಆರಿಸುವುದು ಅವರ ಕೈಯಲ್ಲಿತ್ತು. ಆ ಹುದ್ದೆಗೆ ಅಂಗಳವಿರುವ ಕ್ವಾರ್ಟರ್ಸ್ ಇತ್ತು. ಪುಣೆಯ ಸದಾಶಿವ ಪೇಠದ ಎರಡು ಕೋಣೆಯಲ್ಲಿ ಹತ್ತು ವರ್ಷ ಕಳೆದಿದ್ದ ಹೆಂಡತಿ ಅನುಸೂಯಾ, ಆ ಅಂಗಳಕ್ಕೆಂದೇ ಕರಿಬೇವಿನ ಸಸಿಯೊಂದನ್ನು ಕುಂಡದಲ್ಲಿ ಬೆಳೆಸುತ್ತಿದ್ದಳು.

ಪರದೆ, ಹುಲ್ಲಿನಂಥ ಚಾಪೆ, ಚೆಂಡಿನ ವೇಗ ಅಳೆಯುವ ಯಂತ್ರ ಎಲ್ಲ ಶನಿವಾರವೇ ಬಂದವು. ಭಾನುವಾರ ಬೆಳಿಗ್ಗೆ ಮಾವನ ಹಳೇ ಪ್ರೊಜೆಕ್ಟರನ್ನು ಬೆನ್ನ ಹಿಂದೆ ಇಟ್ಟು ಮಾಂತು ಕೋಲು ಎತ್ತಿದ. ಪರದೆಯ ಹಸಿರು ಮೈದಾನದಲ್ಲಿ ಅವನ ಹೊಟ್ಟೆಯ ನೆರಳು ಮೇಯಲು ಬಂದ ಎಮ್ಮೆಯಂತೆ ನಿಂತಿತು. ಕೋಣೆ ಇದ್ದದ್ದೇ ಹನ್ನೊಂದು ಅಡಿ.

ನೋಡಲು ಬಂದಿದ್ದ ಪಕ್ಕದ ಮನೆಯ ಸ್ವಪ್ನಿಲ್, ಅದೇ ಆಫೀಸಿನವನು, ಉಪಾಯ ಹೇಳಿದ. "ಶಾರ್ಟ್ ಥ್ರೋ ಪ್ರೊಜೆಕ್ಟರ್ ತಗೋರಿ. ನಿಮ್ಮ ಮುಂದ ಮ್ಯಾಲೆ ತೂಗಹಾಕಿದ್ರ ನಾಕು ಫೂಟಿನಾಗ ಪರದೆ ತುಂಬತದ, ನೆರಳು ಬೀಳಂಗಿಲ್ಲ. ಲೇಸರ್ ಇದ್ರ ಮಧ್ಯಾಹ್ನದ ಬೆಳಕಿನಾಗೂ ಚೊಕ್ಕ ಕಾಣತದ."

ಮಾಂತೂಗೆ ಇನ್ನೊಂದು ಚಿಂತೆ ಇತ್ತು. ಕೆಳಗಿನ ಮನೆಯ ಮಾಧುರಿ ಕಾಕು ಒಂದರಿಂದ ನಾಲ್ಕರವರೆಗೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಇಡೀ ಕಟ್ಟಡದಲ್ಲಿ ಯಾರೂ ಮಿಕ್ಸರ್ ಕೂಡ ಹಾಕುತ್ತಿರಲಿಲ್ಲ.

ಪ್ರೊಜೆಕ್ಟರ್ ಅಂಗಡಿ ಮಧ್ಯಾಹ್ನ ಒಂದು ಗಂಟೆಗೆ ಮುಚ್ಚುತ್ತಿತ್ತು. ಮಾಂತು ಹನ್ನೆರಡೂಮುಕ್ಕಾಲಿಗೆ ತಲುಪಿದ. ಅವನ ಕೈಗೆಟಕುವ ಬೆಲೆಯವು ಎರಡೇ ಇದ್ದವು. ಹೆಚ್ಚು ಬೆಳಕಿನದರ ಫ್ಯಾನು ಗುಂಯ್ ಎನ್ನುತ್ತಿತ್ತು. ಇನ್ನೊಂದಕ್ಕೆ ಅವನು ಡಾಕ್ಟರನಂತೆ ಕಿವಿ ಹಚ್ಚಿ ಕೇಳಿದ, ಉಸಿರೇ ಇಲ್ಲ. ಅಂಗಡಿಯವನು ಅರ್ಧ ಶಟರ್ ಎಳೆದು ಗೊಣಗುತ್ತಿರುವಾಗಲೇ ಅದನ್ನು ಕಟ್ಟಿಸಿಕೊಂಡ. ತನ್ನಷ್ಟು ಮುಂದಾಲೋಚನೆಯವನು ಪುಣೆಯಲ್ಲೇ ಇಲ್ಲ ಎಂಬ ಹೆಮ್ಮೆಯಿಂದ ರಿಕ್ಷಾ ಹತ್ತಿದ.

ಮೂರಕ್ಕೆ ಶ್ರೀನಾಥ್ ಬಂದರು. ಚಿತ್ರ ನೋಡಿ ಬೆರಗಾದರು, ನೆರಳಿಲ್ಲವೆಂದು ಹೊಗಳಿದರು, ಕೋಲು ಬೀಸಿದರು. ಚೆಂಡು ಪರದೆಗೆ ಬಡಿದ ಸದ್ದು ಮೆಟ್ಟಿಲಿಳಿದು ಉರುಳುವ ಗ್ಯಾಸ್ ಸಿಲಿಂಡರಿನಂತಿತ್ತು. ಫ್ಯಾನಿನ ಸದ್ದನ್ನು ಅಷ್ಟು ಮುತುವರ್ಜಿಯಿಂದ ಅಳೆದಿದ್ದ ಮಾಂತು ಚೆಂಡನ್ನು ಪೂರ್ತಿ ಮರೆತಿದ್ದ.

ಎರಡನೇ ಏಟಿಗೆ ಕಾಕು ಬಾಗಿಲಲ್ಲಿದ್ದರು. ಮರಾಠಿಯಲ್ಲಿ ಅವರು ಮಾಂತೂನ ಊರು, ಸಂಸ್ಕಾರ, ಶಾಲೆಯ ಮಾಸ್ತರು ಎಲ್ಲವನ್ನೂ ವಿಚಾರಿಸಿಕೊಂಡರು. ಬಾರಾಮತಿ ಕೈಜಾರಿತೆಂದು ಮಾಂತು ಬೆವತುಹೋದ. ಆದರೆ ಶ್ರೀನಾಥ್ ಕೈಮುಗಿದು ತಪ್ಪು ಒಪ್ಪಿಕೊಂಡರು. ಕಾಕು ಕರಗಿ, ನಾಲ್ಕರ ನಂತರ ಬೇಕಾದಷ್ಟು ಆಡಿರೆಂದು ಅಪ್ಪಣೆ ಕೊಟ್ಟರು.

ಸಾಹೇಬರು ಏಳರ ತನಕ ಆಡಿದರು. ಮಾಂತೂಗೆ ಧೈರ್ಯ ಬಂದು ಬಾರಾಮತಿಯ ಮಾತು ತೆಗೆದ.

"ಖಂಡಿತ ನಿಮ್ಮನ್ನೇ ಕಳಿಸೋಣ ಅಂತಿದ್ದೆ," ಎಂದರು ಶ್ರೀನಾಥ್, ಬೆವರು ಒರೆಸಿಕೊಳ್ಳುತ್ತ. "ಆದ್ರೆ ನನ್ನ ಮನೇಲಿ ಇದನ್ನ ಹಾಕೋಕೆ ಮಿಸೆಸ್ ಬಿಡಲ್ಲ. ನೀವು ಹೊರಟುಹೋದ್ರೆ ಭಾನುವಾರ ನಾನೆಲ್ಲಿ ಆಡ್ಲಿ?"

ಆಮೇಲೆ, ಆಟ ನೋಡಲು ಬಂದು ಕೂತಿದ್ದ ಸ್ವಪ್ನಿಲ್ ಕಡೆ ತಿರುಗಿ, ಮನೆಯಲ್ಲಿ ಪ್ರೊಜೆಕ್ಟರ್ ಇದೆಯೇ ಎಂದು ಕೇಳಿದರು.

"ಇಲ್ಲ ಸರ್. ಸಣ್ಣ ಟಿವಿ ಅದ."

"ಹಾಗಾದ್ರೆ ಬಾರಾಮತಿಗೆ ನೀವೇ ಹೊರಡಿ."

ಮಾಂತು ದುಃಖದಿಂದ ಪ್ರೊಜೆಕ್ಟರನ್ನು ನೋಡಿದ. ಅದು ಒಂದಿಷ್ಟೂ ಸದ್ದಿಲ್ಲದೆ ಉರಿಯುತ್ತಿತ್ತು. ಅನುಸೂಯಾ ಅಡುಗೆಮನೆಯಿಂದ ಕರಿಬೇವಿನ ಕುಂಡ ತಂದು ಸ್ವಪ್ನಿಲ್ ಕೈಗಿಟ್ಟಳು.

"ಅಂಗಳದಾಗ ಬಿಸಿಲು ಬೀಳೂ ಕಡೆ ಹಚ್ರಿ."