ಶಂಭುಲಿಂಗನ ವಿಭೂತಿ ಪ್ರಯೋಗ

ಕಂಪ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಶಂಭುಲಿಂಗನಿಗೆ ನಲವತ್ತು ದಾಟಿದರೂ ಅವನ ಕುಕ್ಕರಿನ ಅಕ್ಕಿ ಅರ್ಧ ಪಾವು ದಾಟಿರಲಿಲ್ಲ. ಒಬ್ಬನೇ ಉಣ್ಣುವುದು ಎಷ್ಟು ಬೇಸರವೆಂದರೆ, ಉಪ್ಪಿನಕಾಯಿ ಡಬ್ಬಿಯ ಮೇಲಿನ ಅಕ್ಷರಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು.

ಹಾಗಂತ ಮಹಾಶಯ ಕನ್ಯೆ ನೋಡಲು ಹೋಗದವನೇನಲ್ಲ. ಹನ್ನೊಂದು ಸಲ ಹೋಗಿದ್ದ, ಎಲ್ಲವೂ ಬೇರೆಯವರಿಗಾಗಿ. ಇವನು ಜೊತೆಗೆ ಹೋಗಿ, ಉಪ್ಪಿಟ್ಟು ತಿಂದು, ನಾಲ್ಕು ಮಾತಾಡಿದರೆ ಸಾಕು, ಅರ್ಧ ಗಂಟೆಯಲ್ಲಿ ಸಂಬಂಧ ಗಟ್ಟಿ. "ನಮ್ಮ ಪಾಠದಾಗಿನ ಕ್ರಿಯಾವರ್ಧಕ ನೋಡ್ರಿ ನಾನು," ಎಂದು ತಾನೇ ನಗುತ್ತಿದ್ದ. (ಕ್ರಿಯಾವರ್ಧಕ ಇದ್ದರೆ ಕ್ರಿಯೆ ಜಲ್ದಿ ನಡೆಯುತ್ತದೆ, ಅದು ಮಾತ್ರ ಕೊನೆಗೂ ಇದ್ದಂತೆಯೇ ಉಳಿಯುತ್ತದೆ.)

ಈ ಸಲ ಅಕ್ಕ ಕೊಟ್ರಬಸಮ್ಮ ಅವನಿಗೇ ಎಮ್ಮಿಗನೂರಿನ ಸುನಿತಾಳನ್ನು ಹುಡುಕಿದ್ದಳು. ಕಾರಿದೆಯೆಂದು ಅಕ್ಕಿ ಗಿರಣಿಯ ಗೆಳೆಯ ಮರಿಸ್ವಾಮಿಯನ್ನು ಕರೆದುಕೊಂಡು ಹೋದ. ಮರಿಸ್ವಾಮಿಯೂ ಬ್ರಹ್ಮಚಾರಿಯೇ, ಆದರೆ ಬಾಯಿ ಬಿಡುವ ಪೈಕಿಯಲ್ಲ ಎಂಬ ಧೈರ್ಯ.

ಅಲ್ಲಿ ಕುಳಿತದ್ದೇ ತಡ, ಬೇರೆಯವರಿಗಾಗಿ ಆಡುತ್ತಿದ್ದ ನಾಲ್ಕು ಮಾತೂ ಶಂಭುಲಿಂಗನಿಗೆ ಮರೆತುಹೋದವು. ಪಾಠಕ್ಕೆಂದು ಇಟ್ಟುಕೊಂಡಿದ್ದ ಸಕ್ಕರೆ ಬಿಲ್ಲೆಗಳು ಜೇಬಿನಲ್ಲಿ ಕೈಗೆ ಸಿಕ್ಕವು. ಪ್ರಯೋಗವನ್ನಾದರೂ ತೋರಿಸೋಣವೆಂದು ಒಂದನ್ನು ಚಮಚದಲ್ಲಿಟ್ಟು ಕಡ್ಡಿ ಗೀರಿದ. ಅದು ಕರಗಿತೇ ಹೊರತು ಉರಿಯಲಿಲ್ಲ. ತನ್ನ ಹಣೆಯ ವಿಭೂತಿಯನ್ನೇ ಇನ್ನೊಂದಕ್ಕೆ ಸವರಿ ಗೀರಿದ, ಅಗ್ನಿದೇವ ಪ್ರತ್ಯಕ್ಷನಾದ.

"ಬೂದಿಗೇನಾತ್ರಿ ಸರ್?" ಎಂದಳು ಸುನಿತಾ.

"ಏನೂ ಆಗಲ್ರಿ. ಅದು ಹಂಗ ಉಳೀತದ," ಎನ್ನುವಷ್ಟರಲ್ಲಿ ಉರಿಯುವ ಬಿಲ್ಲೆ ಜಾರಿ ಅವಳ ಸೀರೆಯತ್ತ ಹೊರಟಿತು. ಮರಿಸ್ವಾಮಿ ಬರಿಗೈಯಲ್ಲಿ ಹಿಡಿದ. ಸುನಿತಾ ಅವನ ಬೆರಳಿಗೆ ಜೇನು ಹಚ್ಚುತ್ತ ಕುಳಿತಳು. ಬಾಯಿ ಬಿಡದವನು ಗಿರಣಿಯ ಪುರಾಣವನ್ನೆಲ್ಲ ಬಿಚ್ಚಿದ. ಶಂಭುಲಿಂಗ ಎಂದಿನಂತೆ ಉಪ್ಪಿಟ್ಟು ತಿಂದ.

ಸಂಜೆ ಅಕ್ಕನ ಫೋನು ಬಂತು. "ಎಮ್ಮಿಗನೂರಿನವ್ರು ಒಪ್ಪ್ಯಾರಪ್ಪ."

ಕಿವಿಗೆ ಫೋನು ಹಿಡಿದುಕೊಂಡೇ ಕುಕ್ಕರಿಗೆ ಇನ್ನರ್ಧ ಪಾವು ಅಕ್ಕಿ ಸುರಿದ.

"ನಿನ್ನನ್ನಲ್ಲೋ, ಮರಿಸ್ವಾಮಿನ್ನ. ಮನಸಿಗೆ ಹಚ್ಕೋಬ್ಯಾಡ."

"ಇಲ್ಲಕ್ಕ, ಚಲೋ ಹುಡುಗ ಅದಾನ," ಎಂದ. ಕನ್ನಡಿಯಲ್ಲಿ ನೋಡಿದರೆ ಹಣೆ ಖಾಲಿ. ಅಳು ಬಂದಂತಾಯಿತು.

ಹಿಂದೆಯೇ ಮರಿಸ್ವಾಮಿಯ ಫೋನು: "ಶಂಭಣ್ಣ, ಸೋಮವಾರ ದರೋಜಿಗೆ ನಮ್ಮ ತಮ್ಮಗ ಕನ್ಯಾ ನೋಡಾಕ ಹೊಂಟೀವಿ. ನೀನು ಬಂದು ಸುಮ್ನ ಕುಂತ್ರ ಸಾಕು."

"ಬರ್ತೀನಿ," ಎಂದ. ಉಪ್ಪಿಟ್ಟನ್ನಾದರೂ ನಾಲ್ಕು ಜನರ ನಡುವೆ ಕುಳಿತು ತಿನ್ನಬಹುದಲ್ಲ.

ಇನ್ನೂ ನೀರು ಹಾಕಿರಲಿಲ್ಲ. ಅರ್ಧ ಪಾವು ಅಕ್ಕಿ ಅಳೆದು ಡಬ್ಬಿಗೆ ವಾಪಸ್ ಸುರಿದ.