ನೆಲ ಅಳೆದ ನಿಂಬೆಹಣ್ಣು

ಹೂಡಿಕೆಗೆಂದು ಮನೆ ಕೊಳ್ಳುವವನು ಗೋಡೆಯ ಬಣ್ಣ ನೋಡಬಾರದು, ನೆಲ ನೋಡಬೇಕು. ಈ ಸತ್ಯ ನನಗೆ ಹೊಳೆದದ್ದು ಅಡಿಲೇಡಿನ ಮಾಡ್ಬರಿಯಲ್ಲಿರುವ ಗೆಳೆಯ ವೇಣುಗೋಪಾಲನ ದೆಸೆಯಿಂದ. ಬಾಡಿಗೆಗೆ ಕೊಡಲೆಂದು ಅವನೊಂದು ಹಳೆಯ ಮನೆಯನ್ನು ಅಗ್ಗಕ್ಕೆ ಕೊಂಡ. ಮೂರು ವರ್ಷಗಳಿಂದ ಅಲ್ಲಿ ಬಾಡಿಗೆದಾರರಿಗಿಂತ ಹೆಚ್ಚು ದಿನ ಪ್ಲಂಬರುಗಳೇ ವಾಸವಾಗಿದ್ದಾರೆ.

ನನ್ನ ಗತಿ ಹಾಗಾಗಬಾರದೆಂದು ನಿಶ್ಚಯಿಸಿದೆ. ಹೆಂಡತಿ ಮಧುರಾ ಹಾಕಿದ್ದು ಒಂದೇ ಷರತ್ತು: ರಿಪೇರಿಗೆ ಎಷ್ಟಾಗುತ್ತದೆಂದು ಮೊದಲೇ ತಿಳಿಯದ ಮನೆಗೆ ತನ್ನ ಹತ್ತು ವರ್ಷದ ಉಳಿತಾಯದಲ್ಲಿ ಒಂದು ಡಾಲರೂ ಇಲ್ಲ. “ಈ ಮನೆ ತಗೊಂಡಾಗ್ಲೂ ನೀವು ಗೋಡೆ ತಟ್ಟಿ, ಕಲ್ಲುಗುಂಡಿನ ಹಾಗಿದೆ ಅಂದಿದ್ರಿ” ಎಂದು ಸೇರಿಸಿದಳು. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿರುವ ಈ ಮನೆಗೆ ಬಂದಂದಿನಿಂದ ಅವಳಿಗೊಂದು ಕೊರಗು. ಕಾವಲಿಗೆ ಎಣ್ಣೆ ಹಾಕಿದರೆ ಒಂದೇ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ದೋಸೆ ಅರ್ಧ ಗರಿಗರಿ, ಅರ್ಧ ಹಸಿಹಿಟ್ಟು. ದೋಷ ಕಾವಲಿಯದೇ ಎಂದು ತೀರ್ಪಿತ್ತು ಈವರೆಗೆ ಮೂರು ಕಾವಲಿಗಳನ್ನು ಗ್ಯಾರೇಜಿಗೆ ಗಡೀಪಾರು ಮಾಡಿದ್ದೇನೆ. (ಮೂರನೆಯದು ಬೆಂಗಳೂರಿನಿಂದ ವಿಮಾನದಲ್ಲಿ ಬಂದಿತ್ತು. ಅದೂ ಪಕ್ಷಪಾತಿಯೇ.)

ಅಷ್ಟರಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಒಂದು ಮನೆ ಮಾರಾಟಕ್ಕೆ ಬಂತು. ಇಲ್ಲಿನ ಹಳೆಯ ಮರದ ಮನೆಗಳು ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ. ಕಂಬ ಕುಸಿದರೆ ನೆಲ ವಾಲುತ್ತದೆ, ನೆಲ ವಾಲಿದರೆ ಕೊಂಡವನೂ ವಾಲುತ್ತಾನೆ. ಪರೀಕ್ಷಿಸುವವರನ್ನು ಕರೆಸೋಣವೆಂದರೆ ಅವರ ಶುಲ್ಕವೇ ಆರುನೂರು ಡಾಲರ್. ನೆಲದಲ್ಲಿ ಉರುಳುತ್ತದೋ ಇಲ್ಲವೋ ನೋಡಿ ವಾಲು ಅಳೆಯಲು ನಾನು ಆರಿಸಿಕೊಂಡದ್ದು ನಿಂಬೆಹಣ್ಣು. ಗೋಲಿಯಂತೆ ಸದ್ದು ಮಾಡುವುದಿಲ್ಲ, ಜೇಬಿನಲ್ಲಿದ್ದರೆ ಏಜೆಂಟಿಗೆ ಅನುಮಾನವೂ ಬರುವುದಿಲ್ಲ. ಎಷ್ಟು ಸುತ್ತು ಉರುಳಿತೆಂದು ಎಣಿಸಲು ಅದರ ಮೈಮೇಲೆ ಕೆಂಪು ಶಾಯಿಯಲ್ಲಿ ಮೂರು ಗೆರೆ ಎಳೆದೆ.

ಶನಿವಾರ ಮನೆಯನ್ನು ಎಲ್ಲರಿಗೂ ತೆರೆದಿಟ್ಟ ಅರ್ಧ ಗಂಟೆಯಲ್ಲಿ ನನ್ನ ವೈಜ್ಞಾನಿಕ ಕಾರ್ಯ ನಡೆಯಿತು. ಹಜಾರದಲ್ಲಿ ನಿಂಬೆಹಣ್ಣು ಕದಲಲಿಲ್ಲ. ಹಿಂದಿನ ಕೋಣೆಯಲ್ಲಿ ಮಾತ್ರ ಮೆಲ್ಲಗೆ ನಾಲ್ಕು ಸುತ್ತು ಉರುಳಿ ಮೂಲೆ ಸೇರಿತು. ನಾಲ್ಕು ಸುತ್ತೆಂದರೆ ಎರಡು ಕಂಬ, ಎಂಟು ಸಾವಿರ ಡಾಲರ್ ಎಂದು ಬರೆದುಕೊಂಡೆ. ಅಷ್ಟರಲ್ಲಿ ಏಜೆಂಟ್ ಒಳಗೆ ಬಂದ. ಕಿಟಕಿಯ ಗಾಳಿಯನ್ನು ಹೊಗಳುತ್ತಾ ನಾನು ಹೊರಬಿದ್ದೆ. ನಿಂಬೆಹಣ್ಣು ಅಲ್ಲೇ ಉಳಿಯಿತು.

ಬುಧವಾರ ಏಜೆಂಟ್ ತಾನಾಗಿ ಫೋನ್ ಮಾಡಿದ. ಆಸೆಪಟ್ಟಿದ್ದ ನಾಲ್ಕು ಭಾರತೀಯ ಕುಟುಂಬಗಳು ಒಟ್ಟಿಗೆ ಹಿಂದೆ ಸರಿದಿವೆ, ಕಾರಣ ತನಗೆ ತಿಳಿಯದು, ಮಾಲೀಕರು ಮೂವತ್ತು ಸಾವಿರ ಇಳಿಸಿದ್ದಾರೆ ಎಂದ. ನಾನು ದಿಗ್ವಿಜಯ ಮುಗಿಸಿದವನಂತೆ ಅಡುಗೆಮನೆಗೆ ಹೋಗಿ ಸುದ್ದಿ ಹೇಳಿದೆ.

“ಆ ಮನೆ ಬೇಡ” ಎಂದಳು ಮಧುರಾ, ಹೆಚ್ಚುತ್ತಿದ್ದ ಹುರುಳಿಕಾಯಿಯಿಂದ ತಲೆಯೆತ್ತದೆ. “ನಿಮ್ಮ ಹಿಂದೇನೇ ಪಕ್ಕದ ಬೀದಿ ಪದ್ಮಾ ಆಂಟಿ ನೋಡಕ್ಕೆ ಹೋಗಿದ್ರು. ಈಶಾನ್ಯ ಮೂಲೇಲಿ ಕೆಂಪು ಗೀಟು ಹಾಕಿದ ನಿಂಬೆಹಣ್ಣಂತೆ. ಯಾರೋ ಮಾಟ ಮಾಡ್ಸಿದಾರೆ. ಇಲ್ಲಿನ ಇಂಡಿಯನ್ಸ್ ವಾಟ್ಸಾಪ್ ಗ್ರೂಪಲ್ಲೆಲ್ಲ ಫೋಟೊ ಬಂದಿದೆ.”

“ಅದು ನಂದು ಕಣೇ.”

ಅವಳು ಚಾಕು ಕೆಳಗಿಟ್ಟಳು. “ಮೂವತ್ತು ಸಾವಿರ ಉಳಿಯತ್ತೆ ಅಂತ ಸುಳ್ಳೂ ಹೇಳ್ತೀರಲ್ರೀ. ನಿಂಬೆಹಣ್ಣಲ್ಲಿ ಮನೆ ಅಳೆಯೋರನ್ನ ಎಲ್ಲಾದ್ರೂ ಕಂಡಿದೀವಾ?”

ಸಾಬೀತು ಮಾಡದೆ ವಿಧಿಯಿರಲಿಲ್ಲ. ಬುಟ್ಟಿಯಿಂದ ಇನ್ನೊಂದು ನಿಂಬೆಹಣ್ಣು ತೆಗೆದು, ಮೂರು ಗೆರೆ ಎಳೆದು, ನಾಲ್ಕು ಸುತ್ತಿಗೆ ಎಂಟು ಸಾವಿರದ ಲೆಕ್ಕವನ್ನೂ ಬಿಡಿಸಿ ಹೇಳಿದೆ. ನೆಲ ಸಮವಾಗಿದ್ದರೆ ಹಣ್ಣು ಕದಲುವುದೇ ಇಲ್ಲ, ನೋಡು ಎನ್ನುತ್ತಾ ಅದನ್ನು ನಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಇಟ್ಟು ಕೈಬಿಟ್ಟೆ.

ಅದು ಹೊರಟಿತು. ಮೊದಲು ನಿಧಾನವಾಗಿ, ಆಮೇಲೆ ರೈಲು ಹಿಡಿಯುವವನಂತೆ. ಮೇಜಿನ ಕೆಳಗೆ ತೂರಿ, ನನ್ನ ಕಾಲು ತಪ್ಪಿಸಿಕೊಂಡು, ಒಲೆಯ ಬುಡಕ್ಕೆ ಹೋಗಿ ಬಡಿಯಿತು.

“ಹದಿನೇಳು” ಎಂದಳು ಮಧುರಾ. ಸುತ್ತು ಎಣಿಸಿದ್ದಳು. ಒಲೆಯ ಮೇಲಿದ್ದ ಕಾವಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ನಾಲ್ಕಕ್ಕೆ ಎಂಟು ಸಾವಿರ ಆದ್ರೆ, ಹದಿನೇಳಕ್ಕೆ ಎಷ್ಟು ರೀ?”

ಆ ಮನೆಯನ್ನು ಫ್ರೀಮ್ಯಾಂಟಲ್‌ನಿಂದ ಬಂದ ದಂಪತಿ ಕೊಂಡರು. ಮೂಲೆಯಲ್ಲಿ ಸಿಕ್ಕ ನಿಂಬೆಹಣ್ಣನ್ನು ಮೀನಿಗೆ ಹಿಂಡಿಕೊಂಡರೆಂದು ಕೇಳಿದೆ. ನಮ್ಮ ಹೂಡಿಕೆ ಈಗ ನಮ್ಮದೇ ಮನೆಯಡಿ ಹೊಸ ಕಂಬಗಳಾಗಿ ನಿಂತಿದೆ.

ಕೆಲಸದವರು ಹೊರಟ ದಿನ ಮಧುರಾ ದೋಸೆ ಹುಯ್ದಳು. ಎಣ್ಣೆ ಕಾವಲಿಯ ನಟ್ಟನಡುವೆ ನಿಂತಿತು. ನಾನು ತಟ್ಟೆ ಹಿಡಿದು ಹೋದಾಗ ಗ್ಯಾರೇಜಿನ ಮೂರೂ ಕಾವಲಿಗಳು ತೊಳೆಸಿಕೊಂಡು, ಒರೆಸಿಕೊಂಡು, ಮೇಜಿನ ಮೇಲೆ ಸಾಲಾಗಿ ಕೂತಿದ್ದವು.

“ಮೊದಲು ಅವುಗಳ ಹತ್ರ ಕ್ಷಮೆ ಕೇಳಿ” ಎಂದಳು. “ಆಮೇಲೆ ದೋಸೆ.”

ದೋಸೆ ಎರಡೂ ಪಕ್ಕ ಹೊಂಬಣ್ಣವಾಗಿತ್ತು. ಹಿರಿಯ ಕಾವಲಿಯಿಂದ ಶುರುಮಾಡಿದೆ.