ಗಾಳಿ ಹಿಡಿದ ಲ್ಯಾಪ್‌ಟಾಪು

ನಮ್ಮ ಸೋದರತ್ತೆ ದಿನಾ ಸಾಯಂಕಾಲ ಕಾಫಿ ಕೊಟ್ಟು, ಲೋಟ ತೊಳೆದಿಟ್ಟು, ಆಮೇಲೆ ಗಂಡನನ್ನು ಹೆದರಿಸಲು ಕೂರುತ್ತಿದ್ದಳು. ತಮಾಷೆ ಮಾಡುತ್ತಿಲ್ಲ! ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಎಣ್ಣೆ ತಿಕ್ಕುವುದು, ಸಾಯಂಕಾಲ ಹೆದರಿಕೆ, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದಳು. ಗಂಡನನ್ನು ಹೆದರಿಸುವ ಹೆಂಡತಿಯರು ಯಾವ ಊರಲ್ಲಿಲ್ಲ, ಇದರಲ್ಲೇನು ವಿಶೇಷ ಅನ್ನುತ್ತೀರಾ? ಸ್ವಾಮಿ, ನಮ್ಮತ್ತೆ ಆ ಕೆಲಸಕ್ಕೆಂದೇ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಆ ಹೊತ್ತಿಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಗಡಿಯಾಚೆ ಆಂಧ್ರದಲ್ಲಿರುವ ತಮ್ಮೂರು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಕುಂದುರ್ಪಿ, ಕುಂದುರ್ಪಿ, ಕುಂದುರ್ಪಿ!’ ಎಂದು ಕೂಗಿದರೆ ಹೋಟೆಲಿನಲ್ಲಿ ಅರ್ಧ ದೋಸೆ ತಿಂದವರು ಕೈ ತೊಳೆಯದೆ ಓಡಿಬರುತ್ತಿದ್ದರು. ಕುಂದುರ್ಪಿಯಲ್ಲಿ ಏನೂ ಕೆಲಸವಿಲ್ಲದವರೂ ಒಂದು ಗಳಿಗೆ ಹೋಗಿಬರೋಣವೇ ಎಂದು ಯೋಚಿಸುತ್ತಿದ್ದರಂತೆ! ಮನೆಯಲ್ಲೂ ಅದೇ ಗಂಟಲು. ನಿವೃತ್ತರಾದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು, ಎಲ್ಲಾ ಹೋಯಿತು. ಕೆಲವು ತಿಂಗಳ ಮೇಲೆ ಕಾಲು ಅಷ್ಟಿಷ್ಟು ವಾಪಸ್ಸು ಬಂತು. ಮಾತು ಬರಲಿಲ್ಲ.

‘ಮಾತು ಒಳಗೇ ಇದೆ, ನೀವು ಮಾತಾಡಿಸ್ತಾ ಇರಿ’ ಎಂದರು ಡಾಕ್ಟರು. ಅತ್ತೆ ಮಾತಾಡಿಸಿದಳು. ಕನ್ನಡದಲ್ಲಿ ಮಾತಾಡಿಸಿದಳು, ತೆಲುಗಿನಲ್ಲಿ ಬೈದಳು, ಎರಡನ್ನೂ ಬೆರೆಸಿ ಅತ್ತಳು. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು ಅವಳನ್ನೇ ನೋಡುತ್ತಿದ್ದರು, ಅಷ್ಟೆ. ಅಷ್ಟು ಗದ್ದಲದ ಮನೆಯಲ್ಲಿ ಆ ಮೌನ ಎಂಥದ್ದಾಗಿತ್ತೆಂದರೆ, ನಾನು ಹೋದಾಗಲೆಲ್ಲ ಹೊಸ್ತಿಲಲ್ಲೇ ಕಾಲು ತಡೆಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ, ನಾವು ಹೋದ ಮೇಲೆ ಹೊರಗೆ ಬರುತ್ತಾರೆ ಅನ್ನಿಸುತ್ತಿತ್ತು. ಅತ್ತೆಗೆ ಆಗ ಬೇಕಾಗಿದ್ದದ್ದು ಒಂದೇ ಒಂದು, ಆ ಗಂಟಲಿನಿಂದ ಮತ್ತೆ ಮಾತು.

ಇಲ್ಲಿಗೆ ನಾನು ಬಂದೆ. ನಾನು ಹಿಂದೂಪುರದಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಉತ್ತರ ಪತ್ರಿಕೆ ತಿದ್ದಿ ತಲೆ ಕೆಟ್ಟಾಗ ಲ್ಯಾಪ್‌ಟಾಪಿನಲ್ಲಿ ದೆವ್ವದ ಆಟ ಆಡುತ್ತೇನೆ. ಮಕ್ಕಳ ವ್ಯಾಕರಣ ನೋಡಿದ ಮೇಲೆ ದೆವ್ವ ಎಷ್ಟೋ ವಾಸಿ! ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಅತ್ತೆಗೆ ಕೊಡಲು ಒಯ್ದೆ. ಚಳಿಗಾಲದ ಒಂದು ಮುಸ್ಸಂಜೆ ಮಾವನ ಪಕ್ಕ ಕುಳಿತು ಆ ಆಟ ಹಾಕಿದೆ. ಕೈಯಲ್ಲಿ ಲಾಂದ್ರ ಹಿಡಿದು ಪಾಳುಬಂಗಲೆಯೊಂದರ ಒಳಗೆ ಓಣಿಯಂಥ ಉದ್ದನೆಯ ಹಾದಿಯಲ್ಲಿ ನಡೆಯುತ್ತಾ ಹೋಗಬೇಕು. ಕೊನೆಯಲ್ಲೊಂದು ಬಾಗಿಲು. ತೆರೆದರೆ ಉದ್ದನೆಯ ಬಿಳಿ ಕೂದಲು ಕೆದರಿಕೊಂಡ ಮುದುಕಿ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಾಳೆ. ನಾನು ಬಾಗಿಲು ತೆರೆದೆ.

‘ಬ್ಯಾಡಾ!’

ಅತ್ತೆ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು. ‘ಯಾರು ಮಾತಾಡಿದ್ದು? ಯಾರಮ್ಮ ಮಾತಾಡಿದ್ದು ಈಗ?’ ನಾನು ಮಾವನ ಕಡೆ ಬೆರಳು ತೋರಿಸಿದೆ. ಅಷ್ಟರಲ್ಲಿ ಮುದುಕಿ ಹೋಗಿದ್ದಳು, ಮಾತೂ ಹೋಗಿತ್ತು. ಅತ್ತೆ ಎರಡನ್ನೂ ನೋಡಲಿಲ್ಲ.

ಅವತ್ತಿನಿಂದ ಅವಳ ವೈದ್ಯ ಶುರುವಾಯಿತು. ‘ಬಿಕ್ಕಳಿಕೆ ಹೆದ್ರಿಸಿದ್ರೆ ಹೋಯ್ತದೆ, ಮಾತು ಹೆದ್ರಿಸಿದ್ರೆ ಬತ್ತದೆ. ಅಷ್ಟೇ ಕಣಮ್ಮ’ ಎಂದಳು. ಯಾವ ವೈದ್ಯ ಪುಸ್ತಕದಲ್ಲಿ ಇದೆ ಎಂದು ಕೇಳುವ ಧೈರ್ಯ ಯಾರಿಗಿದೆ? ಮೌಸ್ ಹಿಡಿಯಲು ಕಲಿತಳು. ಮೊದಮೊದಲು ಲಾಂದ್ರವನ್ನು ಗೋಡೆಗೆ ಬಡಿಯುತ್ತಿದ್ದಳು. ಓಣಿಯ ದಾರಿ ತಿಳಿಯುವ ಹೊತ್ತಿಗೆ ಶಿವರಾತ್ರಿ ಕಳೆದು ಕಲ್ಯಾಣದುರ್ಗದ ಬಿಸಿಲು ಬಂದು ಕೂತಿತ್ತು. ಲ್ಯಾಪ್‌ಟಾಪಿಗೆ ಕಾಯಿಲೆ ಬಂತು.

ಆ ಕಾಯಿಲೆಯನ್ನು ಯುಗಾದಿ ರಜೆಗೆ ಹೋದಾಗ ನಾನೇ ಕಣ್ಣಾರೆ ನೋಡಿದೆ. ಓಣಿಯ ಅರ್ಧಕ್ಕೆ ಹೋಗುತ್ತಿದ್ದಂತೆ ಒಳಗಿನಿಂದ ಯಾರೋ ಉಸಿರೆಳೆಯುವ ಸದ್ದು. ಮೊದಲು ಮೆಲ್ಲಗೆ, ಆಮೇಲೆ ಏದುಸಿರು. ಪಕ್ಕದಲ್ಲಿ ಮಾವನ ಉಸಿರೂ ಏರುತ್ತಿತ್ತು. ಯಾವುದು ಮನುಷ್ಯನದು, ಯಾವುದು ಮಿಷನ್ನಿನದು ಎಂದು ತಿಳಿಯುತ್ತಿರಲಿಲ್ಲ. ಕೀಲಿಗಳ ಮೇಲೆ ಕೈಯಿಟ್ಟರೆ ಜ್ವರದ ಮೈ ಮುಟ್ಟಿದಂತೆ. ಲಾಂದ್ರ ತಡೆತಡೆದು ಮುಂದೆ ಹೋಗುತ್ತಿತ್ತು, ನಡೆಯುವವನಿಗೆ ಮನಸ್ಸಿಲ್ಲವೇನೋ ಎಂಬಂತೆ. ಬಾಗಿಲಿಗೆ ಕೈ ಹಾಕಿದ್ದೇ ತಡ, ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ನಮ್ಮ ಮುಖಗಳು ಮಸುಕಾಗಿ ಕಂಡವು. ಅತ್ತೆ, ಮಾವ, ನಾನು, ನಮ್ಮ ಹಿಂದೆ ಇನ್ನೊಂದು ಮುಖ!

ಮೈ ಬೆವೆತು ತಿರುಗಿ ನೋಡಿದೆ. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ.

ದಿನಾ ಇದೇ ಆಗುತ್ತಿತ್ತು. ಸರಿಯಾಗಿ ಅದೇ ಬಾಗಿಲ ಬಳಿ! ‘ಒಳಗಿರೋಳಿಗೆ ನಾನು ಬರೋದು ಇಷ್ಟ ಇಲ್ಲ’ ಎಂದಳು ಅತ್ತೆ. ಲ್ಯಾಪ್‌ಟಾಪಿನ ಮೇಲೆ ಒದ್ದೆ ಬಟ್ಟೆ ಹಾಕಲು ಹೋದಳು, ನಾನು ಬೊಬ್ಬೆ ಹಾಕಿ ತಡೆದೆ. ನೀರಿನ ಮಡಕೆಗೆ ಒರಗಿಸಿ ಇಟ್ಟಳು. ಬೀಸಣಿಗೆಯಿಂದ ಗಾಳಿ ಹಾಕಿದಳು. ಅಷ್ಟಕ್ಕೂ ಬಗ್ಗದಾಗ ದೆವ್ವದ ಕೆಲಸ ತಾನೇ ಮಾಡುತ್ತೇನೆಂದು ಮುಖಕ್ಕೆ ಅಕ್ಕಿಹಿಟ್ಟು ಬಳಿದು, ಬಿಳಿ ದುಪ್ಪಟಿ ಹೊದ್ದು, ಬಾಗಿಲ ಸಂದಿಯಿಂದ ಮಾವನ ಮುಂದೆ ಹಾರಿದಳು. ಮಾವ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಎಡಗೈಯಿಂದ ಖಾಲಿ ಲೋಟ ತೋರಿಸಿದರು. ಕಾಫಿ ಇನ್ನೂ ಕೊಟ್ಟಿರಲಿಲ್ಲ.

ಹಿಂದೂಪುರಕ್ಕೆ ವಾಪಸ್ಸಾದ ಮೇಲೆ ಫೋನಿನಲ್ಲಿ ನಾನೊಂದು ಮಾತು ಹೇಳಿದೆ. ಎಲ್ಲಾ ಅನಾಹುತಕ್ಕೂ ಆ ಮಾತೇ ಕಾರಣ.

‘ಅತ್ತೆ, ಅದ್ರೊಳಗೆ ಗಾಳಿ ಸೇರ್ಕೊಂಡ್ಬುಟ್ಟೈತೆ. ಆಚೆ ಹೋಯ್ತಾ ಇಲ್ಲ. ಗಾಳಿ ಬಿಡಿಸ್ಬೇಕು.’

‘ಗಾಳಿನಾ?’

‘ಹ್ಞೂ, ಗಾಳಿನೇ.’

‘ನಂಗೆ ಮೊದ್ಲೇ ಗುಮಾನಿ ಇತ್ತು ಕಣಮ್ಮ. ಬಿಡಿಸ್ತೀನಿ ಇರು.’

ನಾನು ಹೇಳಿದ್ದು ಬಿಸಿ ಗಾಳಿ. ಆದರೆ ನಮ್ಮ ಕಡೆ ಗಾಳಿ ಎರಡು ಥರ. ಒಂದು ಫ್ಯಾನಿನಿಂದ ಬರುವುದು, ಇನ್ನೊಂದು ಹುಣಸೆಮರದಿಂದ ಇಳಿದು ಬಂದು ಮೈಮೇಲೆ ಕೂರುವುದು. ತೆಲುಗಿಗೆ ಹೋಗಿ ತಪ್ಪಿಸಿಕೊಳ್ಳೋಣವೆಂದರೆ ಅಲ್ಲಿಯೂ ಗಾಳಿ ಗಾಳಿಯೇ! ಅತ್ತೆ ಕುಂದುರ್ಪಿ ಕಡೆಯಿಂದ ಗಾಳಿ ಬಿಡಿಸುವ ಮುದುಕನೊಬ್ಬನನ್ನು ಕರೆಸಿದಳು.

ಮುಂದಿನದ್ದನ್ನು ಅವಳೇ ಫೋನಿನಲ್ಲಿ ಹೇಳಿದ್ದು. ಮುದುಕ ಲ್ಯಾಪ್‌ಟಾಪನ್ನು ಮಣೆಯ ಮೇಲೆ ಕೂರಿಸಿದ. ಕುಂಕುಮ ಇಟ್ಟ. ವಿಭೂತಿ ಊದಿದ. ಪಕ್ಕದ ತೂತುಗಳಿಗೆ ಸಾಂಬ್ರಾಣಿ ಹೊಗೆ ಹಿಡಿದ. ಅತ್ತೆ ಆಟ ಹಾಕಿ ಓಣಿಯ ಕೊನೆಗೆ ಒಯ್ದಳು. ಮಿಷನ್ನು ಏದುಸಿರು ಬಿಡತೊಡಗಿತು. ಮುದುಕ ಬೇವಿನ ಸೊಪ್ಪು ಬಡಿಯುತ್ತಾ ತೆಲುಗಿನಲ್ಲಿ ಗದರಿಸಿದ: ‘ಎವರೇ ನುವ್ವು? ಚೆಪ್ಪು! ಎವರು ನುವ್ವು?’

ಯಾರು ನೀನು, ಹೇಳು ಎಂದು ಕೇಳಿದ್ದಕ್ಕೆ ಲ್ಯಾಪ್‌ಟಾಪು ಉತ್ತರ ಕೊಟ್ಟಿತು. ಬಾಗಿಲ ಹಿಂದಿನ ಮುದುಕಿ ನಗಲು ಬಾಯಿ ತೆರೆದಿದ್ದಳೇನೋ, ಅಷ್ಟರಲ್ಲಿ ಬಿಸಿಗೆ ಚಿತ್ರ ಗಕ್ಕನೆ ನಿಂತು ಸದ್ದು ಮಾತ್ರ ಸಿಕ್ಕಿಹಾಕಿಕೊಂಡಿತು. ‘ಹ್ಹ, ಹ್ಹ, ಹ್ಹ, ಹ್ಹ’ ಎಂದು ಒಂದೇ ಸ್ವರದಲ್ಲಿ, ನಿಲ್ಲಿಸದೆ, ಚಿತ್ರದಲ್ಲಿ ಯಾರೂ ಇಲ್ಲದೆ!

‘ಆಮೇಲೆ?’ ಎಂದೆ.

‘ಆಮೇಲೇನು, ಬೇವಿನ ಸೊಪ್ಪು ಇಲ್ಲೇ ಬಿಟ್ಬುಟ್ಟು ಕುಂದುರ್ಪಿ ಬಸ್ ಹತ್ತಿದ. ನಿಮ್ಮಾವ ಕೂಗಿದ್ರೂ ಯಾರೂ ಅಷ್ಟು ಬಿರ್ರನೆ ಬಸ್ ಹತ್ತಿರ್ಲಿಲ್ಲ.’

ನಗುತ್ತಾ ಅಷ್ಟು ಹೇಳಿದವಳು ದನಿ ತಗ್ಗಿಸಿ ಕೇಳಿದಳು, ‘ಅದು ಸತ್ತೋದ್ರೆ ಅವ್ರ ಮಾತೂ ಹೋಯ್ತದೇನಮ್ಮ?’ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ, ರಿಪೇರಿ ಮಾಡಿಸೋಣ ಎಂದೆ.

ಮಾವನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಅವಳು ಹಿಂದೂಪುರದ ಬಸ್ ಹತ್ತಿದಳು. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ, ಪೂರ್ತಿ ಆಫ್ ಆಗುವುದಿಲ್ಲ ಎಂದು ಅವಳಿಗೇನು ಗೊತ್ತು? ದಾರಿಯಲ್ಲಿ ತೊಡೆಯ ಮೇಲಿನ ಚೀಲ ಬೆಚ್ಚಗಾಯಿತು. ಉಸಿರಾಡತೊಡಗಿತು. ಮೂವರ ಸೀಟಿನಲ್ಲಿ ಒತ್ತಿಕೊಂಡು ಕುಳಿತಿದ್ದವರಿಬ್ಬರು ಚೀಲ ನೋಡಿದರು, ಅವಳ ಮುಖ ನೋಡಿದರು. ಅತ್ತೆ ಚೀಲ ತಟ್ಟಿ, ‘ಸುಮ್ಕಿರೇ, ಊರು ಬಂದ್ಬುಡ್ತು’ ಎಂದಳಂತೆ! ಹಿಂದೂಪುರದವರೆಗೂ ಆ ಇಬ್ಬರು ನಿಂತೇ ಬಂದರು. ‘ಆರಾಮಾಗಿ ಕಾಲು ನೀಡ್ಕೊಂಡು ಬಂದೆ ಕಣಮ್ಮ’ ಎನ್ನುತ್ತಾ ಬಸ್ಸಿನಿಂದ ಇಳಿದಳು.

ರಿಪೇರಿ ಅಂಗಡಿಯವನು ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ತಳದ ತಟ್ಟೆ ಎತ್ತಿದ. ಸಾಂಬ್ರಾಣಿಯ ವಾಸನೆ ಅಂಗಡಿಯೆಲ್ಲ ತುಂಬಿತು. ಗಾಳಿ ಆಡಬೇಕಾದ ಕಿಂಡಿಗಳಲ್ಲಿ ಧೂಳು, ವಿಭೂತಿ, ಮಸಿ ಸೇರಿ ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ‘ಇದಿ ಲ್ಯಾಪ್‌ಟಾಪಾ, ಗುಡಿಯಾ?’ ಎಂದು ನಕ್ಕ. ಆಮೇಲೆ ಫ್ಯಾನಿನ ರೆಕ್ಕೆಯಿಂದ ಚಿಮುಟದಲ್ಲಿ ಏನೋ ಎಳೆದ. ಉದ್ದನೆಯ ಬಿಳಿ ಕೂದಲು. ಎಳೆದಷ್ಟೂ ಬಂತು, ಇನ್ನೂ ಬಂತು. ಅವನ ನಗು ನಿಂತಿತು. ನನಗೆ ಬಾಗಿಲ ಹಿಂದಿನವಳು ನೆನಪಾದಳು.

‘ಎವರಿದಮ್ಮಾ ಈ ವೆಂಟ್ರುಕ?’ ಎಂದ ಮೆಲ್ಲಗೆ, ಆ ಕೂದಲನ್ನು ಎತ್ತಿ ಹಿಡಿದು.

‘ನಂದೇ ಕಣಪ್ಪ’ ಎಂದಳು ಅತ್ತೆ. ‘ಅದ್ರ ಮುಂದೆ ಕುಂತೇ ತಲೆ ಬಾಚ್ತೀನಿ. ಕಪ್ಪಗಾದಾಗ ಕನ್ನಡಿ ಥರ ಚೆನ್ನಾಗಿ ಕಾಣ್ತೈತೆ.’

ಅವನು ಎಲ್ಲಾ ಗುಡಿಸಿ ಊದಿ ತೆಗೆದ. ಒಳಗಿನ ಚಿಪ್‌ನ ಮೇಲಿದ್ದ ಹಳೆಯ ಪೇಸ್ಟು ಒಣಗಿ ಪುಡಿಯಾಗಿತ್ತು. ಬಿಸಿಯನ್ನು ಚಿಪ್‌ನಿಂದ ಹೊರಗೆ ದಾಟಿಸುವುದೇ ಆ ಪೇಸ್ಟಿನ ಕೆಲಸ. ಅದನ್ನು ಒರೆಸಿ ಹೊಸದನ್ನು ಹಚ್ಚಹೊರಟಾಗ ಅತ್ತೆ ಕುತ್ತಿಗೆ ಚಾಚಿ, ‘ಎಲೆಗೆ ಸುಣ್ಣ ಹಚ್ಚಿದಂಗೆ ತೆಳ್ಳಗೆ ಹಚ್ಚಪ್ಪ, ಜಾಸ್ತಿಯಾದ್ರೆ ಬಾಯಿ ಸುಡ್ತದೆ’ ಎಂದು ಉಪದೇಶ ಕೊಟ್ಟಳು.

ಮನೆಗೆ ತಂದು ನಾನು ಆಟದ ಸೆಟ್ಟಿಂಗ್ ತೆರೆದೆ. ಚಿತ್ರದ ಭಾರ ಇಳಿಸಿದರೆ ಬಿಸಿ ಇನ್ನೂ ತಗ್ಗುತ್ತದೆ ಎಂದು ವಿವರಿಸಿದೆ. ಅತ್ತೆಗೆ ಗಾಬರಿ. ‘ದೆವ್ವ ತೆಳ್ಳಗಾಯ್ತದಾ? ಬ್ಯಾಡಮ್ಮ! ಹುಲ್ಲು ಕಮ್ಮಿ ಮಾಡು, ಮರ ಕಡಿದಾಕು, ಕಿಟಕಿ ಬೇಕಾದ್ರೆ ಮುಚ್ಚು. ಅವ್ಳಿಗೆ ಮಾತ್ರ ಕೈ ಹಾಕ್ಬ್ಯಾಡ.’ ಅವಳು ಹೇಳಿದಂತೆಯೇ ಮಾಡಿದೆ. ಬಂಗಲೆಯ ತೋಟ ಬೋಳಾಯಿತು, ನೆರಳುಗಳು ಹೋದವು. ದೆವ್ವ ಮಾತ್ರ ಪೂರ್ತಿ ಬಲದಲ್ಲಿ ಉಳಿಯಿತು.

ಮಾರನೆಯ ದಿನ ನಾನೂ ಅವಳ ಜೊತೆ ಕಲ್ಯಾಣದುರ್ಗಕ್ಕೆ ಹೋದೆ. ಕಾಫಿ ಆಯಿತು. ಕೆಳಗಿನಿಂದ ಗಾಳಿ ಆಡಲೆಂದು ಲ್ಯಾಪ್‌ಟಾಪನ್ನು ಎರಡು ಇಟ್ಟಿಗೆಗಳ ಮೇಲಿಟ್ಟೆ. ಹೊರಗೆ ಬೆಳಕು ಇಳಿಯುತ್ತಿತ್ತು. ಅತ್ತೆ ಕುರ್ಚಿಯನ್ನು ಮಾವನ ಎಡಗಡೆಗೆ ಎಳೆದುಕೊಂಡು ಮೌಸ್ ಹಿಡಿದಳು. ‘ಇವತ್ತು ಮಾತಾಡ್ಬೇಕು ನೀವು, ಆಯ್ತಾ?’ ಎಂದಳು. ಮಾವ ಪರದೆ ನೋಡಿದರು.

ಲಾಂದ್ರ ಓಣಿಗೆ ಇಳಿಯಿತು. ಈ ಸಲ ತಡೆಯಲಿಲ್ಲ, ನೀರು ಹರಿದಂತೆ ಹೋಯಿತು. ಏದುಸಿರೂ ಇರಲಿಲ್ಲ. ಇಷ್ಟು ದಿನ ಆ ಉಸಿರಿಗೆ ಹೆದರಿದ್ದ ನನಗೆ ಈಗ ಅದು ಇಲ್ಲದ್ದೇ ಹೆಚ್ಚು ಭಯವಾಯಿತು. ಆಟದೊಳಗಿನ ಹೆಜ್ಜೆಯ ಸದ್ದು ಒಂದೇ. ಅದು ಪರದೆಯಿಂದ ಬರುತ್ತಿದೆಯೋ, ನಮ್ಮ ಹಿಂದಿನ ಕೋಣೆಯಿಂದಲೋ ಎಂದು ಅನುಮಾನವಾಗುವಷ್ಟು ಸ್ಪಷ್ಟವಾಗಿತ್ತು. ಬಾಗಿಲು ಹತ್ತಿರ ಬಂತು. ಪರದೆ ಕಪ್ಪಾಗಲಿಲ್ಲ. ಅತ್ತೆ ಮಾವನ ಮುಖವನ್ನೇ ನೋಡುತ್ತಾ ಬೆರಳೊತ್ತಿದಳು. ಬಾಗಿಲು ಕಿರುಗುಟ್ಟುತ್ತಾ ತೆರೆದುಕೊಂಡಿತು. ಆಗ ಅವಳು ಪರದೆಯ ಕಡೆ ತಿರುಗಿದಳು.

ಮುದುಕಿ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು.

‘ಅಯ್ಯಯ್ಯೋ!’ ಎಂದು ಚೀರಿ ಅತ್ತೆ ಮೌಸ್ ಎಸೆದಳು. ಕುರ್ಚಿ ಹಿಂದಕ್ಕೆ ವಾಲಿತು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಮಾವನ ಭುಜಕ್ಕೆ ಒರಗಿ ಗಡಗಡ ನಡುಗಿದಳು. ಊರಿಗೆಲ್ಲ ದೆವ್ವ ತೋರಿಸಲು ಹೊರಟವಳು ದೆವ್ವವನ್ನು ಕಂಡದ್ದು ಅದೇ ಮೊದಲು. ಮಾವ ಬೆಚ್ಚಲೇ ಇಲ್ಲ. ಪರದೆಯ ಕಡೆ ಅವರ ಗಮನವೇ ಇರಲಿಲ್ಲ. ಎಡಗೈ ಮೆಲ್ಲಗೆ ಎದ್ದು ಅವಳ ತಲೆಯ ಮೇಲೆ ಕುಳಿತಿತು. ಸೊಟ್ಟಗಾಗಿದ್ದ ತುಟಿಗಳು ಒಂದಕ್ಕೊಂದು ತಾಗಿ ಬಿಟ್ಟು ಒದ್ದಾಡಿದವು. ಕುತ್ತಿಗೆಯ ನರ ಉಬ್ಬಿತು.

‘ನಾ... ನಾ ಇದೀನಿ.’

ಕುಂದುರ್ಪಿ ಬಸ್ಸಿಗೆ ಕೂಗುತ್ತಿದ್ದ ಗಂಟಲಲ್ಲ ಅದು. ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಸಣ್ಣದು. ಅತ್ತೆಯ ನಡುಕ ನಿಂತಿತು. ಆದರೆ ಅವಳು ಮುಖದಿಂದ ಕೈ ತೆಗೆಯಲಿಲ್ಲ.

‘ಅವ್ಳು ಇನ್ನೂ ಅಲ್ಲೇ ಅವ್ಳೆ,’ ಎಂದಳು ಬೆರಳುಗಳ ಒಳಗಿನಿಂದ. ‘ಇನ್ನೊಂದ್ಸಲ ಹೇಳಿ.’

ಪರದೆಯಿಂದ ಮುದುಕಿ ಆಗಲೇ ಹೋಗಿಬಿಟ್ಟಿದ್ದಳು. ಅದನ್ನು ನಾನು ಅವಳಿಗೆ ಹೇಳಲಿಲ್ಲ.